ದುಡ್ಡು ಮುಟ್ಟದೆ ಗೆದ್ದ ಬಾಬಿ ಜೋನ್ಸ್

'ಹವ್ಯಾಸಿ ಆಟಗಾರ' ಅಂದ ಕೂಡಲೇ ನಮಗೆ ನೆನಪಾಗುವುದು ಭಾನುವಾರ ಸುಮ್ನೆ ಟೈಮ್‌ಪಾಸ್‌ಗೆ ಆಡುವವನು. ಬಾಬಿ ಜೋನ್ಸ್ ಬಗ್ಗೆ ಓದುವ ತನಕ ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಅಟ್ಲಾಂಟಾದ ಈ ಮನುಷ್ಯ 1923ರಿಂದ 1930ರೊಳಗೆ ಗಾಲ್ಫ್‌ನ 13 ದೊಡ್ಡ ಟೂರ್ನಿಗಳನ್ನು ಗೆದ್ದ. ಅದರಲ್ಲಿ ಏಳು, ವೃತ್ತಿಪರರೂ ಆಡುತ್ತಿದ್ದ ಓಪನ್ ಟೂರ್ನಿಗಳು. ಬಹುಮಾನದ ದುಡ್ಡು ಮಾತ್ರ ಮುಟ್ಟಲಿಲ್ಲ. ನಡುನಡುವೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ, ಹಾರ್ವರ್ಡ್‌ನಲ್ಲಿ ಸಾಹಿತ್ಯ ಓದಿದ, ಆಮೇಲೆ ಕಾನೂನು ಓದಿ ವಕೀಲನೂ ಆದ!

ಶುರುವಿನಲ್ಲಿ ಭಾರಿ ಮುಂಗೋಪಿ. ಹೊಡೆತ ತಪ್ಪಿದರೆ ಕೈಯಲ್ಲಿದ್ದ ಗಾಲ್ಫ್ ಕೋಲನ್ನೇ ಎಸೆಯುತ್ತಿದ್ದ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಆಟ ಕೆಟ್ಟಾಗ, 11ನೇ ಹೋಲ್‌ನಲ್ಲಿ (ಚೆಂಡು ಬೀಳಿಸಬೇಕಾದ ಕುಳಿ) ಚೆಂಡು ಎತ್ತಿಕೊಂಡು ಸ್ಪರ್ಧೆಯಿಂದಲೇ ಹೊರಬಿದ್ದ. ಆಗ ವಯಸ್ಸು 19. ಅದೇ ಮೈದಾನದಲ್ಲಿ 1927ರಲ್ಲಿ ಓಪನ್ ಗೆದ್ದ. 1958ರಲ್ಲಿ ಆ ಊರಿನವರೇ ಕರೆದು ಗೌರವ ನಾಗರಿಕನನ್ನಾಗಿ ಮಾಡಿದರು. ಅಷ್ಟು ಹೊತ್ತಿಗೆ ಬೆನ್ನುಹುರಿಯ ಕಾಯಿಲೆಯಿಂದ ನಡೆಯುವುದೇ ಕಷ್ಟವಾಗಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು 1925ರ ಯುಎಸ್ ಓಪನ್. ಹುಲ್ಲಿನಲ್ಲಿದ್ದ ಚೆಂಡಿಗೆ ಹೊಡೆಯಲು ಸಿದ್ಧನಾಗುವಾಗ ಅದು ಒಂಚೂರು ಅಲುಗಿತು. ಅಧಿಕಾರಿಗಳು ಯಾರೂ ನೋಡಿರಲಿಲ್ಲ. ಇವನೇ ಹೋಗಿ ಹೇಳಿದ. 'ನಾವ್ಯಾರೂ ನೋಡಿಲ್ಲವಲ್ಲ' ಅಂದರೂ ಕೇಳದೆ, ತನ್ನ ಲೆಕ್ಕಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್, ಅಂದರೆ ತಪ್ಪಿಗೆ ದಂಡವಾಗಿ ಒಂದು ಹೊಡೆತ, ಸೇರಿಸಿಕೊಂಡ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆಲ್ಲುವುದು. ಟೂರ್ನಿ ಮುಗಿದಾಗ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮ. ಆ ಒಂದು ಸ್ಟ್ರೋಕ್ ಇಲ್ಲದಿದ್ದರೆ ಅಲ್ಲೇ ಗೆದ್ದುಬಿಡುತ್ತಿದ್ದ, ಅಲ್ವಾ? ಮರುದಿನ ಸಮ ಆದ ಇಬ್ಬರಿಗೇ ನಡೆದ ಪ್ಲೇಆಫ್‌ನಲ್ಲಿ ಸೋತ, ಅದೂ ಒಂದೇ ಸ್ಟ್ರೋಕಿನಿಂದ. ಜನ ಹೊಗಳಲು ಬಂದರೆ, ಬ್ಯಾಂಕ್ ದೋಚಲಿಲ್ಲ ಅಂತ ಹೊಗಳಿದ ಹಾಗಾಯಿತು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟನಂತೆ.

1930ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಓಪನ್, ಎರಡೂ ದೇಶದ ಅಮೆಚೂರ್ (ಹವ್ಯಾಸಿಗಳ ಟೂರ್ನಿ), ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದ. ಅದೇ ನವೆಂಬರ್‌ನಲ್ಲಿ ಸಾಕು ಅಂತ ನಿಲ್ಲಿಸಿದ. 28 ವರ್ಷ ಅಷ್ಟೇ!

ಇಷ್ಟು ಹೇಳಿದ ಮೇಲೆ ಒಂದು ಮಾತು. ದುಡ್ಡು ಮುಟ್ಟಲಿಲ್ಲ ಅಂತ ಇವನನ್ನು ಸಂತ ಮಾಡಿ ಕೂರಿಸುವುದು ನನಗೆ ಹಿಡಿಸುವುದಿಲ್ಲ. ಅಪ್ಪ ಅಟ್ಲಾಂಟಾದ ವಕೀಲ, ಮನೆ ಅನುಕೂಲವಾಗಿತ್ತು. ಬಹುಮಾನದ ದುಡ್ಡಿನಲ್ಲಿ ಅಕ್ಕಿ ಬೇಳೆ ತರಬೇಕಾದವನಿಗೆ ಈ ಆಯ್ಕೆ ಎಲ್ಲಿತ್ತು? ಆ ಕಾಲದ ಬ್ರಿಟನ್‌ನಲ್ಲಿ ದುಡ್ಡಿಗೆ ಆಡುವವರನ್ನು ಕ್ಲಬ್‌ಹೌಸ್ ಒಳಗೇ ಬಿಡುತ್ತಿರಲಿಲ್ಲ. 1920ರಲ್ಲಿ ಡೀಲ್ ಎಂಬಲ್ಲಿ ನಡೆದ ಓಪನ್‌ಗೆ ಬಂದ ವೃತ್ತಿಪರ ಆಟಗಾರ ವಾಲ್ಟರ್ ಹೇಗನ್, ಕ್ಲಬ್‌ಹೌಸ್ ಎದುರಿಗೇ ಬಾಡಿಗೆಗೆ ತಂದ ದುಬಾರಿ ಕಾರು ನಿಲ್ಲಿಸಿ ಅದರಲ್ಲೇ ಬಟ್ಟೆ ಬದಲಿಸಿದ. ನನಗೆ ಈ ಹೇಗನ್ ಕೂಡ ಅಷ್ಟೇ ಇಷ್ಟ! ಹವ್ಯಾಸಿ ಎಂಬ ಪದದಲ್ಲಿ ಆಗ ಆಟದ ಪ್ರೀತಿಯ ಜೊತೆ ಮೇಲು ಕೀಳೂ ಸೇರಿಕೊಂಡಿತ್ತು. ಜೋನ್ಸ್ ಸೇರಿ ಕಟ್ಟಿದ ಅಮೆರಿಕದ ಅಗಸ್ಟಾ ಗಾಲ್ಫ್ ಕ್ಲಬ್‌ನಲ್ಲಿ ಕಪ್ಪು ಜನಾಂಗದ ಮೊದಲ ಸದಸ್ಯನಿಗೆ ಜಾಗ ಸಿಕ್ಕಿದ್ದು 1990ರಲ್ಲಿ.

ಈಗ ಅಮೆಚೂರ್ ಅಂದರೆ ಹೆಚ್ಚಿನವರಿಗೆ ಒಂದು ಮೆಟ್ಟಿಲು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅಲ್ಲಿ ಗೆದ್ದು, 17ಕ್ಕೇ ವೃತ್ತಿಪರಳಾದಳು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಳು. ಅದನ್ನು ಯಾರೂ ದುಡ್ಡಿನಾಸೆ ಅನ್ನಲಿಲ್ಲ. ಜೋನ್ಸ್ ಕೂಡ ಆಟ ನಿಲ್ಲಿಸಿದ ಮೇಲೆ ಗಾಲ್ಫ್ ಕಲಿಸುವ ಸಿನಿಮಾಗಳಲ್ಲಿ ಕಾಣಿಸಿಕೊಂಡು ಚೆನ್ನಾಗಿಯೇ ಸಂಪಾದಿಸಿದ. ಮಾಡಲಿ ಬಿಡಿ, ತಪ್ಪೇನಿದೆ? ನನಗೆ ಅವನ ಲೆಕ್ಕದಲ್ಲಿ ಕಾಣುವುದು ಯಾರೂ ನೋಡದ ಆ ಒಂದು ಸ್ಟ್ರೋಕ್.