ಹಪ್ಪಳದ ಡಬ್ಬಿಯಲ್ಲಿ 16 ಮೆಗಾಪಿಕ್ಸೆಲ್

"ಅಪ್ಪಾ, ನಿನ್ ಹಳೇ ಕ್ಯಾಮೆರಾ ಎಲ್ಲಿದ್ದು?" ಅಂತ ಮಗಳು ಕೇಳಿದಾಗ ನಾನು ಚಾಲಿ ಅಡಿಕೆ ಸುಲಿಯುತ್ತಾ ಕೂತಿದ್ದೆ. ಅವಳ ಕಾಲೇಜಿನಲ್ಲಿ ಈಗ ಫೋನಿನ ಫೋಟೋ ಯಾರಿಗೂ ಬೇಡವಂತೆ. ಹಳೇ ಪುಟ್ಟ ಡಿಜಿಟಲ್ ಕ್ಯಾಮೆರಾದ್ದೇ ಚಂದವಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾಕೆಂದರೆ ಆ ಕ್ಯಾಮೆರಾ ವಿಷಯದಲ್ಲಿ ಹತ್ತು ಹನ್ನೆರಡು ವರ್ಷದಿಂದ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಕೊಂಡಿದ್ದು 2012ರಲ್ಲಿ, ಮಾರಿಕಾಂಬಾ ಜಾತ್ರೆಗೆ ನಾಲ್ಕು ದಿನ ಇರುವಾಗ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ನಮ್ಮ ಕಡೆ ಯಾವುದೇ ಖರೀದಿ ಆದರೂ ಒಂದೋ ಜಾತ್ರೆಯ ಒಳಗೆ, ಇಲ್ಲಾಂದ್ರೆ ಜಾತ್ರೆ ಮುಗಿದ ಮೇಲೆ. ನನಗೆ ಬೇಕಿದ್ದದ್ದು ದಿನಬಳಕೆಗೆ ಒಂದು ಕ್ಯಾಮೆರಾ, ಅಷ್ಟೇ. ಮಗಳಿಗೆ ಹಲ್ಲು ಬೀಳುವ ವಯಸ್ಸು, ಕೊಟ್ಟಿಗೆಯಲ್ಲಿ ಹೊಸ ಕರು, ಕೊಳೆ ಬಂದ ಅಡಿಕೆ ಗೊನೆಯ ಫೋಟೋ ಯಾರಿಗಾದರೂ ತೋರಿಸೋಣ ಅಂದರೆ ಅದೂ ಆಗಬೇಕು. ಜೇಬಿನಲ್ಲಿ ಐದು ಸಾವಿರ.

ಮೊದಲು ಭಾವನನ್ನು ಕೇಳಿದೆ. ಕೇಳಬಾರದಿತ್ತು.

"ತಗಳದಾದ್ರೆ ಡಿಎಸ್‌ಎಲ್‌ಆರೇ ತಗ ಭಾವ, ಉಳದಿದ್ದೆಲ್ಲಾ ಮಕ್ಕಳ ಆಟಿಗೆ" ಅಂದ. ಅವನದ್ದು ಲೆನ್ಸ್ ಬಿಚ್ಚಿ ಹಾಕುವ ದೊಡ್ಡ ಕ್ಯಾಮೆರಾ, ಡಿಎಸ್‌ಎಲ್‌ಆರ್ ಹೌದು. ಆದರೆ ಅದು ಕಪಾಟಿನಿಂದ ಹೊರಗೆ ಬರುವುದು ಯಾರದ್ದಾದರೂ ಉಪನಯನ ಇದ್ದರೆ ಮಾತ್ರ. ಚೀಲದ ಜಿಪ್ ಎಳೆದು, ಲೆನ್ಸ್ ತೆಗೆದು, ಒರೆಸಿ, ತಿರುಪಿ ಕೂರಿಸುವಷ್ಟರಲ್ಲಿ ನನ್ನ ಮಗಳಿಗೆ ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಬಂದಿರುತ್ತದೆ.

ಪೇಟೆಯ ಅಂಗಡಿಯಲ್ಲಿ ಎರಡು ಕ್ಯಾಮೆರಾ ಮುಂದಿಟ್ಟರು. ಒಂದು 10 ಮೆಗಾಪಿಕ್ಸೆಲ್, ಇನ್ನೊಂದು 16. ಒಂದು ಮೆಗಾಪಿಕ್ಸೆಲ್ ಅಂದರೆ ಫೋಟೋದಲ್ಲಿ ಹತ್ತು ಲಕ್ಷ ಚುಕ್ಕಿ. "ಆರು ಜಾಸ್ತಿ ಸಾರ್, ಬರೀ ಎಂಟು ನೂರಕ್ಕೆ!" ಅಂದ ಹುಡುಗ. ಆರು ಜಾಸ್ತಿ ಅಂದರೆ ಜಾಸ್ತಿಯೇ, ಅಲ್ವಾ? ಅಡಿಕೆ ಮಾರುವವರು ನಾವು, ತೂಕ ಬಿಟ್ಟು ಬೇರೆ ಏನನ್ನೂ ನೋಡಿ ಗೊತ್ತಿಲ್ಲ. ಮನೆಯ ಆಲ್ಬಮ್ಮಿಗೆ ಹಾಕುವ 4×6 ಇಂಚಿನ ಫೋಟೋ ಇದೆಯಲ್ಲ, ಅದನ್ನು ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಚೊಕ್ಕವಾಗಿ ಪ್ರಿಂಟ್ ಹಾಕಿಸಲು 1200×1800 ಚುಕ್ಕಿ ಸಾಕು. ಗುಣಿಸಿ ನೋಡಿ, ಎರಡು ಮೆಗಾಪಿಕ್ಸೆಲ್‌ಗಿಂತ ಚೂರು ಮೇಲೆ. ಉಳಿದ ಹದಿನಾಲ್ಕನ್ನು ನಾನೇನು ಉಪ್ಪಿನಕಾಯಿ ಹಾಕಬೇಕಿತ್ತಾ? ಇದು ತಿಳಿಯುವಷ್ಟರಲ್ಲಿ ಎಂಟು ನೂರು ಹೋಗಿತ್ತು.

ನಿಜವಾಗಿ ನೋಡಬೇಕಾದದ್ದು ಒಳಗೆ ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು ಅಂತ. ಆ ಬೆಲೆಯ ಕ್ಯಾಮೆರಾಗಳಲ್ಲಿ ಅದು ಸುಮಾರು 6×4.5 ಮಿಲಿಮೀಟರ್. ಅಷ್ಟು ಚಿಕ್ಕ ಜಾಗಕ್ಕೆ 16 ಮೆಗಾಪಿಕ್ಸೆಲ್ ತುರುಕಿದರೆ ಒಂದೊಂದು ಚುಕ್ಕಿಗೂ ಸಿಗುವ ಬೆಳಕು ಎಷ್ಟು? ರಾತ್ರಿ ಯಕ್ಷಗಾನಕ್ಕೆ ಒಯ್ದು ದೂರದಿಂದ ಜೂಮ್ ಮಾಡಿ ಹೊಡೆದೆ. ಫೋಟೋದಲ್ಲಿ ವೇಷ ಕಾಣಲಿಲ್ಲ, ಕುಂಕುಮ ಚೆಲ್ಲಿದ ಹಾಗೆ ಕಂಡಿತು. ದುಬಾರಿ ಕ್ಯಾಮೆರಾಗಳಲ್ಲಿ 'ಒಂದಿಂಚಿನ ಸೆನ್ಸರ್' ಅಂತ ಬರುತ್ತದೆ. ಅಳೆದರೆ ಅದೂ 13.2×8.8 ಮಿಲಿಮೀಟರ್. ಎಲ್ಲಿದೆ ಒಂದಿಂಚು? ಹೆಣ್ಣಿನ ಕಡೆಯವರಿಗೆ 'ನಾಲ್ಕೆಕರೆ ತೋಟ' ಅಂತ ಹೇಳಿ, ಅದರಲ್ಲಿ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟವನ್ನೂ ಸೇರಿಸಿದ ಹಾಗೆ. ಆದರೂ ಚಿಕ್ಕದರ ನಾಲ್ಕು ಪಟ್ಟು ಜಾಗ ಅಂತೂ ಹೌದು.

ಡಬ್ಬದ ಮೇಲೆ ಬರೆದ ಜೂಮಿಗೂ ಬೆರಗಾಗಬೇಡಿ. ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಸರಿದು ಹತ್ತಿರ ತರುವುದು, ಎಷ್ಟು ಅಂತ ಮಾತ್ರ ಕೇಳಿ. ಡಿಜಿಟಲ್ ಜೂಮ್ ಅಂದರೆ ಹಪ್ಪಳ ಲಟ್ಟಿಸಿದ ಹಾಗೆ. ಹಿಟ್ಟು ಅಷ್ಟೇ ಇರುತ್ತದೆ, ಹಪ್ಪಳ ಮಾತ್ರ ಅಗಲ ಆಗುತ್ತದೆ.

ಜಾತ್ರೆಯ ದಿನ ಬಂತು. ನನ್ನ ಕ್ಯಾಮೆರಾಕ್ಕೆ ಎರಡು ಪೆನ್ಸಿಲ್ ಸೆಲ್ ಸಾಕು, ಯಾವ ಗೂಡಂಗಡಿಯಲ್ಲೂ ಸಿಗುತ್ತದೆ ಅಂತ ಬೀಗಿದ್ದೆ. ಸಿಗುತ್ತದೆ ನಿಜ. ಗಡಿಯಾರಕ್ಕೆ ಹಾಕುವ ಅಗ್ಗದ ಜೋಡಿ ತಂದು ತುಂಬಿದೆ. ರಥ ದೇವಿಯ ಜಾತ್ರೆ ಗದ್ದುಗೆ ಇರುವ ಬಿಡ್ಕಿಬೈಲಿನ ಕಡೆ ಹೊರಟಿದೆ, ಜನ ಅಂದರೆ ಜನ, ನಾನು ಒಬ್ಬರ ಮನೆಯ ಜಗಲಿ ಕಟ್ಟೆ ಹತ್ತಿ, ಕಂಬಕ್ಕೆ ಒಂದು ಕೈ ಸುತ್ತಿ, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಎತ್ತಿ ಹಿಡಿದಿದ್ದೇನೆ. ನಾಲ್ಕು ಫೋಟೋ ಬಂತು. ಐದನೆಯದಕ್ಕೆ ಲೆನ್ಸ್ ಕೊಯ್ಯಂ ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಆ ನಾಲ್ಕರಲ್ಲಿ ಮೂರು ಮುಂದೆ ನಿಂತವನ ತಲೆಯದ್ದು.

ಸಿಟ್ಟಿನಲ್ಲಿ ಅದೇ ಸೆಲ್ ತಂದು ಗೋಡೆ ಗಡಿಯಾರಕ್ಕೆ ಹಾಕಿದೆ. ಮಳೆಗಾಲ ಮುಗಿಯುವವರೆಗೂ ಟಿಕ್ ಟಿಕ್ ಅಂತ ಓಡಿತು! ಕ್ಯಾಮೆರಾ ಒಂದೇ ಏಟಿಗೆ ತುಂಬಾ ಕರೆಂಟ್ ಎಳೆಯುತ್ತದೆ, ಅಗ್ಗದ ಸೆಲ್ ಅಷ್ಟನ್ನು ಕೊಡಲಾರದು, ಗಡಿಯಾರಕ್ಕಾದರೆ ಗುಟುಕು ಗುಟುಕು ಸಾಕು. ಆಮೇಲೆ ಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ತಂದೆ. ವೋಲ್ಟ್ 1.2, ಮಾಮೂಲಿ ಸೆಲ್ಲಿನ 1.5ಕ್ಕಿಂತ ಕಡಿಮೆ, ಆದರೆ ದಮ್ಮು ಜಾಸ್ತಿ. ಜಾತ್ರೆಗೆ ಮಾತ್ರ ಇನ್ನೆರಡು ವರ್ಷ ಕಾಯಬೇಕಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ, ಚಪ್ಪಲಿಗೆ ಬೂಸ್ಟು ಬರುತ್ತದೆ, ಬೆಲ್ಟಿಗೆ ಬರುತ್ತದೆ, ಸುಮ್ನೆ ಕೂತ ಮನುಷ್ಯನಿಗೂ ಬಂದೀತು. ಒಂದು ಸಂಜೆ ತೋಟದ ಹೊಳೆ ಉಕ್ಕಿದ್ದನ್ನು ತೆಗೆದು ಒದ್ದೆ ಕೈಯಲ್ಲೇ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟಿದ್ದೆ. ಬೆಳಿಗ್ಗೆ ಇಲ್ಲ. ಆಯಿ ಅದನ್ನು ಹಲಸಿನ ಹಪ್ಪಳದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದ್ದಳು.

"ಇದ್ರೊಳಗೆ ಗಾಳಿ ಹೋಗ್ತಿಲ್ಲೆ ತಮಾ. ಹಪ್ಪಳನೇ ಮೆತ್ತಗಾಗ್ತಿಲ್ಲೆ, ನಿನ್ ಕ್ಯಾಮೆರಾ ಆಗ್ತಾ?"

ಮಾತು ಸರಿಯಾಗೇ ಇತ್ತು. ಆದರೆ ಗಾಳಿಯನ್ನು ಒಳಗೆ ಬಿಡದ ಡಬ್ಬಿ ಒಳಗಿನ ತೇವವನ್ನು ಹೊರಗೂ ಬಿಡುವುದಿಲ್ಲ. ಮೊದಲು ಚೆನ್ನಾಗಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು ಮುಚ್ಚಬೇಕಿತ್ತು. ನನ್ನದೂ ತಪ್ಪು, ನಾಲ್ಕು ದಿನ ಹಾಗೇ ಬಿಟ್ಟೆ. ತೆಗೆದು ಸ್ವಿಚ್ ಒತ್ತಿದರೆ ಲೆನ್ಸ್ ಅರ್ಧ ಹೊರಗೆ ಬಂದು, ಕರ್ರ್ ಅಂದು, ಅಲ್ಲೇ ನಿಂತಿತು. ಕನ್ನಡಕ ಹಾಕಿ ನೋಡಿದೆ. ಲೆನ್ಸಿನ ಕೊಳವೆಯ ಸಂದಿನಲ್ಲಿ ಹಪ್ಪಳದ ಒಂದು ಚೂರು, ಪಕ್ಕದಲ್ಲೇ ಒಂದು ಜೀರಿಗೆ. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಅದನ್ನು ಕೆದಕಿ ತೆಗೆದೆ. ಲೆನ್ಸ್ ಓಡಿತು. ಗಾಜಿನ ಒಳಗೆ ಮಾತ್ರ ಆಗಲೇ ಜೇಡರ ಬಲೆಯಂಥ ಸಣ್ಣ ಎಳೆಗಳು ಶುರುವಾಗಿದ್ದವು. ಫಂಗಸ್. ರಿಪೇರಿಗೆ ಹುಬ್ಬಳ್ಳಿಗೆ ಒಯ್ಯೋಣ ಅಂದರೆ ಕ್ಯಾಮೆರಾದ ಬೆಲೆಗಿಂತ ಓಡಾಟದ ಖರ್ಚೇ ತಲೆನೋವು. ಸೆಲ್ ತೆಗೆದು ವಾಪಸ್ ಡಬ್ಬಿಗೇ ಹಾಕಿ ಅಟ್ಟಕ್ಕೆ ಏರಿಸಿದೆ. ಅಷ್ಟೊತ್ತಿಗೆ ಫೋನೂ ಬಂತು, ಎಲ್ಲರೂ ಮರೆತರು.

ಮೊನ್ನೆ ಮಗಳು ಅಟ್ಟ ಹತ್ತಿ ಇಳಿಸಿದಳು. ಹೊಸ ಸೆಲ್ ಹಾಕಿದಳು. ಕೊಯ್ಯಂ ಅಂತು! ಅಂಗಳದಲ್ಲಿ ನಾಲ್ಕಾರು ಫೋಟೋ ತೆಗೆದಳು. ಎಲ್ಲದರ ಮೇಲೂ ಮಂಜು ಕವಿದಂತೆ, ದೀಪದ ಸುತ್ತ ಬೆಳ್ಳಗೆ ಹರಡಿದಂತೆ. ನನಗೆ ಮರುಕ ಬಂತು. ಆದರೆ ಗೆಳತಿಯರಿಗೆ ಕಳಿಸಿದ ಹತ್ತು ನಿಮಿಷಕ್ಕೆ, ಇದ್ಯಾವ ಫಿಲ್ಟರ್, ಎಲ್ಲಿ ಸಿಗುತ್ತದೆ ಅಂತ ಸಾಲು ಸಾಲು ಪ್ರಶ್ನೆ.

"ಕೊಡು, ಹುಬ್ಬಳ್ಳಿಲಿ ಕ್ಲೀನ್ ಮಾಡಿಸ್ಕ್ಯಂಡು ಬರ್ತೆ" ಅಂದೆ.

"ಅಪ್ಪಾ, ಒರೆಸಡ! ಚಂದ ಬಪ್ಪದೇ ಅದ್ರಿಂದ" ಅಂತ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಓಡಿದಳು.

ಒಳಗಿನಿಂದ ಆಯಿ ಕೇಳಿದಳು. "ಹಾಂಗಾರೆ ಡಬ್ಬಿ ಖಾಲಿ ಆತು ಅಲ್ದಾ? ತೊಳ್ದು ಕೊಡು, ಈ ಸಲ ಹಪ್ಪಳ ಜಾಸ್ತಿ ಇದ್ದು."