ಸ್ಕ್ರೀನ್ ಮೇಲೊಂದು ಸ್ಪೇಸ್‌ಬಾರ್

ಆಫ್ ಆಗಿರುವ ಲ್ಯಾಪ್‌ಟಾಪಿನ ಸ್ಕ್ರೀನನ್ನು ಬಿಸಿಲಲ್ಲಿ ನೋಡುವ ಚಟ ನಿಮಗಿಲ್ಲದಿದ್ದರೆ ದಯವಿಟ್ಟು ಶುರು ಮಾಡಬೇಡಿ. ನೆಮ್ಮದಿಯಾಗಿರುತ್ತೀರಿ. ನಾನು ಹೋದ ವಾರ ಧೂಳು ಒರೆಸಲು ಹೋಗಿ ನೋಡಿಬಿಟ್ಟೆ. ಕಪ್ಪು ಗಾಜಿನ ಮೇಲೆ ಇಡೀ ಕೀಬೋರ್ಡ್ ಮೂಡಿತ್ತು! ಚೌಕ ಚೌಕವಾಗಿ, ಸಾಲು ಸಾಲಾಗಿ, ಅದೂ ತಲೆಕೆಳಗಾಗಿ. ಎಫ್1, ಎಫ್2 ಇರುವ ಸಾಲು ಸ್ಕ್ರೀನಿನ ಬುಡದಲ್ಲಿ. ಮೇಲೆ ಟಚ್‌ಪ್ಯಾಡಿನ ಅಂಚು. ಸ್ಪೇಸ್‌ಬಾರ್ ಮಾತ್ರ ಸರಿಯಾಗಿ ನಟ್ಟನಡುವೆ. ಹಾಗಾಗಿ ಈಗ ಏನೇ ಓದಲು ಕೂತರೂ ನಡುವಿನ ಸಾಲಿಗೆ ಅಡಿಗೆರೆ ಉಚಿತ.

ಇದರಲ್ಲಿ ದೊಡ್ಡ ರಹಸ್ಯವೇನಿಲ್ಲ. ಬೆರಳಿನ ಜಿಡ್ಡು ಕೀಗಳಿಗೆ ಅಂಟುತ್ತದೆ. ಮುಚ್ಚಿದಾಗ ಕೀಗೂ ಸ್ಕ್ರೀನಿಗೂ ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಬ್ಯಾಗಿನಲ್ಲಿ ಚಾರ್ಜರ್, ನೀರಿನ ಬಾಟಲಿ, ಎರಡು ಫೈಲು ಸೇರಿ ಅದುಮಿದರೆ ತೆಳು ಮುಚ್ಚಳ ಬಾಗುತ್ತದೆ, ಸ್ಕ್ರೀನ್ ಹೋಗಿ ಕೀಗಳಿಗೆ ಒರಗುತ್ತದೆ. ನಾವು ನಡೆದಷ್ಟೂ ಅವೆರಡೂ ತಿಕ್ಕಾಡುತ್ತವೆ. ಮೊದಮೊದಲು ಬರೀ ಜಿಡ್ಡು. ಆಮೇಲೆ ಸ್ಕ್ರೀನಿನ ಮೇಲಿರುವ, ಬೆಳಕು ಪ್ರತಿಫಲಿಸದಂತೆ ತಡೆಯುವ ಲೇಪನವೇ ಸವೆಯುತ್ತದೆ. 'ಬ್ಯಾಗಿಗೆ ಹಾಕಬೇಡಿ' ಎನ್ನುತ್ತಾರೆ ಬುದ್ಧಿವಂತರು. ಬ್ಯಾಗಿಗೆ ಹಾಕದಿದ್ದರೆ ಇನ್ನು ಅದು ಲ್ಯಾಪ್‌ಟಾಪ್ ಯಾಕಾಗಬೇಕು ಸ್ವಾಮಿ?

ಸ್ಕ್ರೀನನ್ನು ಕೀಬೋರ್ಡ್ ಮೇಲೆ ಮಡಚುವ ಈ ಉಪಾಯ ಹೊಸದೇನಲ್ಲ. 1982ರ ಗ್ರಿಡ್ ಕಂಪಾಸ್ ಎಂಬ ಕಂಪ್ಯೂಟರಿಗೆ ಬಿಲ್ ಮೊಗ್ರಿಜ್ ಎಂಬ ವಿನ್ಯಾಸಕಾರ ಹೀಗೇ ರೂಪ ಕೊಟ್ಟಿದ್ದ. ಸುಮಾರು 5 ಕಿಲೋ ತೂಕದ ಗಟ್ಟಿಮುಟ್ಟು ಆಸಾಮಿ ಅದು, ಬಾಹ್ಯಾಕಾಶಕ್ಕೂ ಹೋಗಿ ಬಂದಿದೆ. ಆಮೇಲಿನವರು ಅದನ್ನು ಕೆತ್ತಿ ಕೆತ್ತಿ ತೆಳ್ಳಗೆ ಮಾಡುತ್ತಾ ಬಂದರು. ಜಾಹೀರಾತಿನಲ್ಲಿ ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಾರಲ್ಲ, ಆ ಚೆಲುವಿಗೆ ಬಲಿಯಾಗಿದ್ದು ನಡುವಿನ ಆ ಚೂರು ಜಾಗ. ಕಂಪನಿಗಳಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. ಹೊಸ ಲ್ಯಾಪ್‌ಟಾಪ್ ತೆರೆದಾಗ ಕೀಬೋರ್ಡ್ ಮೇಲೆ ಮೆತ್ತನೆಯ ಬಿಳಿ ಹಾಳೆಯೊಂದು ಇರುತ್ತದೆ, ಅಲ್ವಾ? ಅದು ಅಲಂಕಾರಕ್ಕಲ್ಲ. ಕಾರ್ಖಾನೆಯಿಂದ ನಮ್ಮ ಕೈಗೆ ಬರುವವರೆಗೆ ಸ್ಕ್ರೀನನ್ನು ಕೀಗಳಿಂದ ಕಾಯುವುದು ಅದೇ. ಕಾಯಬೇಕು ಅಂತ ಅವರಿಗೆ ಗೊತ್ತಿತ್ತು. ನಮಗೆ ಹೇಳಲಿಲ್ಲ, ಅಷ್ಟೇ.

'ನಡುವೆ ಒಂದು ಬಟ್ಟೆ ಇಡಿ' ಎನ್ನುವವರಿದ್ದಾರೆ. 'ಬಟ್ಟೆ ಇಟ್ಟರೆ ಸ್ಕ್ರೀನೇ ಒಡೆದೀತು' ಎನ್ನುವವರೂ ಇದ್ದಾರೆ. ಎರಡನೆಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. 2020ರಲ್ಲಿ ಆಪಲ್ ಕಂಪನಿಯೇ, ಕ್ಯಾಮೆರಾ ಮೇಲೆ ಮುಚ್ಚಳ ಅಂಟಿಸಿಕೊಂಡು ಮ್ಯಾಕ್‌ಬುಕ್ ಮುಚ್ಚಬೇಡಿ, ಅಂಟಿಸಲೇಬೇಕಿದ್ದರೆ 0.1 ಮಿಲಿಮೀಟರಿಗಿಂತ ದಪ್ಪ ಬೇಡ ಎಂದು ಹೇಳಿತ್ತು. ಅಂದರೆ ಪ್ರಿಂಟರಿಗೆ ಹಾಕುವ ಒಂದು ಹಾಳೆಯಷ್ಟು. ಅಷ್ಟು ತೆಳ್ಳಗಿನ ಬಟ್ಟೆ ಎಲ್ಲಿಂದ ತರೋಣ? ತಂದರೂ ನಿಲ್ಲಬೇಕಲ್ಲ. ನಾನಿಟ್ಟ ಮೈಕ್ರೋಫೈಬರ್ ಬಟ್ಟೆ ಮನೆಯವರ ಕನ್ನಡಕ ಒರೆಸಲು ಹೋಯಿತು. ಅಲ್ಲಿಂದ ಮುಂದೆ ಎಲ್ಲಿಗೆ ಪ್ರಯಾಣ ಬೆಳೆಸಿತೋ ಸುದ್ದಿಯಿಲ್ಲ. ಸಿಲಿಕೋನ್ ಕೀಬೋರ್ಡ್ ಕವರ್ ಹಾಕಿದರೆ ಟೈಪ್ ಮಾಡುವಾಗ ಬೆರಳು ಹೂತುಹೋಗುತ್ತದೆ, ಮೇಲಾಗಿ ಸ್ಕ್ರೀನಿಗೆ ತಾಗಲು ಆ ಕವರೂ ಸಾಲಿನಲ್ಲಿ ನಿಲ್ಲುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎಂದ ಮಹಾನುಭಾವರೂ ಇದ್ದಾರೆ. ಅದರಲ್ಲಿ ಹಲ್ಲು ಉಜ್ಜಲೆಂದೇ ತರಿ ಹಾಕಿರುತ್ತಾರೆ. ಗೀರಿನ ಜೊತೆ ಉಳಿದ ಲೇಪನವೂ ಹೋಗಿ ಎಲ್ಲ ಒಂದೇ ಸಮ ಆಗುತ್ತದೆ. ಒಂದು ಲೆಕ್ಕದಲ್ಲಿ ಅದೂ ಪರಿಹಾರವೇ ಅನ್ನಿ.

ಸರಿಯಾದ ಕ್ರಮ ಸರಳ. ಆಫ್ ಮಾಡಿ, ಬಿಸಿ ಆರಲು ಬಿಟ್ಟು, ಡಿಸ್ಟಿಲ್ಡ್ ವಾಟರಿನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಬೇಕು. ನೀರನ್ನು ನೇರ ಸ್ಕ್ರೀನಿಗೆ ಚಿಮುಕಿಸಬಾರದು. ಅಮೋನಿಯಾ ಇರುವ ಕಿಟಕಿ ಒರೆಸುವ ದ್ರಾವಣ ಹತ್ತಿರಕ್ಕೂ ತರಬಾರದು. ಎಲ್ಲ ಪಾಲಿಸಿದೆ. ಒರೆಸಿದ ತಕ್ಷಣ ಗುರುತು ಮಾಯ! ಮನೆಯವರನ್ನೆಲ್ಲ ಕೂಗಿ ಕರೆದೆ. ಅವರು ಬರುವಷ್ಟರಲ್ಲಿ ತೇವ ಆರಿತ್ತು, ಕೀಬೋರ್ಡ್ ವಾಪಸ್ ಬಂದಿತ್ತು. ಒದ್ದೆಯಿದ್ದಾಗ ಮಾಯವಾಗಿ ಒಣಗಿದಾಗ ಮರಳಿದರೆ ಅದು ಜಿಡ್ಡಲ್ಲ, ಗೀರು. ಬಂದವರು ಒಮ್ಮೆ ಸ್ಕ್ರೀನ್, ಒಮ್ಮೆ ನನ್ನ ಮುಖ ನೋಡಿ ಸುಮ್ನೆ ಹೋದರು.

ಸಹಾಯವಾಣಿಗೆ ಫೋನ್ ಮಾಡಿದೆ. ರೀಸ್ಟಾರ್ಟ್ ಮಾಡಿ ಎಂದರು. ಗೀರು ರೀಸ್ಟಾರ್ಟ್ ಆಗಲಿಲ್ಲ. ಹಾಗಾದರೆ ಗೀರಿನ ಸ್ಕ್ರೀನ್‌ಶಾಟ್ ಕಳಿಸಿ ಎಂದರು. ಕಳಿಸಿದೆ. 'ನಿಮ್ಮ ಸ್ಕ್ರೀನಿನಲ್ಲಿ ಯಾವುದೇ ದೋಷ ಕಂಡುಬಂದಿಲ್ಲ' ಎಂದು ಉತ್ತರ ಬಂತು.

ಕೊನೆಗೆ ನಿನ್ನೆ ಸರ್ವಿಸ್ ಸೆಂಟರಿಗೇ ಹೊತ್ತುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ, ಮರ್ಯಾದಸ್ಥ. ಆದರೆ ಅವನಿಗೆ ಕಣ್ಣಿಗಿಂತ ಬೆರಳ ಮೇಲೆ ನಂಬಿಕೆ ಜಾಸ್ತಿ.

"ಎಲ್ಲಿದೆ ಮೇಡಂ ಮಾರ್ಕು? ಇಲ್ಲಿಯಾ?" ಎಂದು ಸ್ಕ್ರೀನ್ ಮೇಲೆ ಬೆರಳೂರಿದ.

"ಅದರ ಪಕ್ಕ."

"ಇದಾ?" ಇನ್ನೊಂದು ಬೆರಳಚ್ಚು.

"ಅದಲ್ಲ, ಅದು ಈಗ ನೀವು ಮಾಡಿದ್ದು."

"ಓ ಸಾರಿ ಮೇಡಂ," ಎಂದು ಅಂಗೈಯಿಂದ ಒರೆಸಿದ. ಅಂಗೈ! ನಡುವೆ ಒಂದು ಮೋಡ ಕವಿಯಿತು. ಅದರೊಳಗೆ ನನ್ನ ಸ್ಪೇಸ್‌ಬಾರ್ ಮುಚ್ಚಿಹೋಗಿ, 'ಈಗ ಇಲ್ಲವಲ್ಲ ಮೇಡಂ' ಎಂದು ಖುಷಿಪಟ್ಟ. ನಾನು ತೋರುಬೆರಳನ್ನು ಗಾಜಿನಿಂದ ದೂರದಲ್ಲೇ ಹಿಡಿದು ದಾರಿ ತೋರಿಸಿದೆ. ಅವನು ಆ ದೂರವನ್ನು ದಾಟಿ ಒತ್ತಿಯೇ ಖಾತ್ರಿ ಮಾಡಿಕೊಳ್ಳುತ್ತಿದ್ದ. ಸಾಲದ್ದಕ್ಕೆ ಒಳಗಿನಿಂದ ಸೀನಿಯರನ್ನು ಕರೆದ. ಅವರು ಬೆರಳಿಡಲಿಲ್ಲ, ಪೆನ್ನಿನಿಂದ ಕುಟ್ಟಿ ನೋಡಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇಬ್ಬರೂ ಚರ್ಚಿಸಿ ಫಾರಂ ತುಂಬಿದರು. ನಾನು ತಲೆಕೆಳಗಾಗಿಯೇ ಓದಿದೆ: 'ಸ್ಕ್ರೀನ್ ತುಂಬಾ ಬೆರಳಚ್ಚು. ಗ್ರಾಹಕರ ಅಜಾಗರೂಕತೆ.'

"ಅಲ್ಲಪ್ಪಾ, ಅವು ನಿಮ್ಮ ಬೆರಳೇ ಅಲ್ವಾ?" ಎಂದೆ. "ಮೇಡಂ, ತಂದಾಗ ಯಾವ ಸ್ಥಿತಿಯಲ್ಲಿತ್ತೋ ಹಾಗೇ ಬರೀಬೇಕು, ರೂಲ್ಸು," ಎಂದ. ಜೊತೆಗೆ, ಡೇಟಾ ಹೋದರೆ ನಮ್ಮ ಹೊಣೆಯಲ್ಲ ಎಂಬಲ್ಲಿ ಸಹಿ ಹಾಕಿಸಿಕೊಂಡ. ಗಾಜಿನ ಮೇಲಿನ ಗೀರಿಗೂ ಒಳಗಿರುವ ಫೋಟೋಗಳಿಗೂ ಏನು ಸಂಬಂಧವೋ ಕೇಳುವ ತ್ರಾಣ ಇರಲಿಲ್ಲ.

ಕಾಯುತ್ತಾ ಕೂತಿದ್ದಾಗ ಮೂಲೆಯಲ್ಲೊಂದು ಹಳೇ ಟ್ಯೂಬ್ ಮಾನಿಟರ್ ಕಂಡಿತು. ಕಸದ ಲೆಕ್ಕದಲ್ಲಿ ಇಟ್ಟಿದ್ದರು. ದಪ್ಪ ಗಾಜು, ಹಿಂದೆ ದೊಡ್ಡ ಡೊಳ್ಳು. ಇಬ್ಬರು ಎತ್ತಬೇಕಾಗಿದ್ದ ಕಾಲ. ಕೀಬೋರ್ಡ್ ಒಂದು ಮಾರು ದೂರದಲ್ಲಿ ತನ್ನ ಪಾಡಿಗೆ ತಾನಿರುತ್ತಿತ್ತು. ಸಂಜೆ ಆಫ್ ಮಾಡಿ, ಮೇಲೊಂದು ಕವರ್ ಹೊದಿಸಿ ಮನೆಗೆ ಹೋದರೆ ಮುಗಿಯಿತು. ಮಾಡುತ್ತಿದ್ದ ಕೆಲಸವೂ ಆ ಕವರಿನ ಕೆಳಗೇ ಬೆಳಗಿನವರೆಗೆ ಇರುತ್ತಿತ್ತು. ಯಾರೂ ಅದನ್ನು ಬೆನ್ನಿಗೆ ಹಾಕಿಕೊಂಡು ಮನೆಗೂ, ಮದುವೆಗೂ, ಆಸ್ಪತ್ರೆಗೂ ಒಯ್ಯುತ್ತಿರಲಿಲ್ಲ. ಬ್ಯಾಗಿನಲ್ಲಿ ಅದುಮಿಹೋಗುವುದು ಸ್ಕ್ರೀನ್ ಒಂದೇ ಅಲ್ಲ ಅನ್ನಿಸಿ ಸ್ವಲ್ಪ ಹೊತ್ತು ಬೇಜಾರಾಯಿತು.

ಅಷ್ಟರಲ್ಲಿ ಹುಡುಗ ತೀರ್ಪು ತಂದ. ಇದು ನೋಟಕ್ಕೆ ಸಂಬಂಧಿಸಿದ್ದು, ಕೆಲಸಕ್ಕೆ ಅಡ್ಡಿಯಿಲ್ಲ, ಆದ್ದರಿಂದ ವಾರಂಟಿ ಬರಲ್ಲ. ಬದಲಾಯಿಸಲೇಬೇಕು ಅಂದರೆ ಬರೀ ಗಾಜು ಸಿಗಲ್ಲ, ಎಲ್ಲ ಅಂಟಿಸಿರುತ್ತಾರೆ, ಮೇಲಿನ ಭಾಗ ಪೂರ್ತಿ ಹಾಕಬೇಕು. ಅವನು ಹೇಳಿದ ಮೊತ್ತಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಕೆಳಗಿನ ಭಾಗವೂ ಬರುತ್ತದೆ. ಅದನ್ನೇ ಹೇಳಿದೆ.

ಹುಡುಗನ ಮುಖ ಅರಳಿತು. "ಅದೇ ಒಳ್ಳೇದು ಮೇಡಂ. ಎಕ್ಸ್‌ಚೇಂಜ್ ಇದೆ. ಹೊಸ ಮಾಡೆಲ್ ನೋಡಿ, ಇದಕ್ಕಿಂತಲೂ ತೆಳು!"