ಬಟ್ಟೆ ಡಯಾಪರ್ ವಾಸನೆ ಬರ್ತಿದೆಯಾ? ಮೊದಲು ಮನೆಯ ನಲ್ಲಿ ನೋಡಿ

ಬಟ್ಟೆ ಡಯಾಪರ್ ತಗೊಂಡು ಕೆಲವೇ ತಿಂಗಳಲ್ಲಿ ಕೈಬಿಟ್ಟವರು ನನ್ನ ಪರಿಚಯದಲ್ಲೇ ಬೇಕಾದಷ್ಟು ಜನ ಇದ್ದಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು. "ಮೊದಮೊದಲು ಚೆನ್ನಾಗಿತ್ತು ಕಣೇ, ಆಮೇಲೆ ಸೋರೋಕೆ ಶುರುವಾಯ್ತು. ಎಷ್ಟು ಒಗೆದರೂ ಉಚ್ಚೆ ವಾಸನೆ ಹೋಗಲ್ಲ." ಡಯಾಪರ್ ಮಾಡಿದವರನ್ನು ಬೈದು, ಬಿಸಾಡುವ ಡಯಾಪರಿನ ಪ್ಯಾಕೆಟ್ ತಂದುಬಿಡುತ್ತಾರೆ.

ನನ್ನನ್ನು ಕೇಳಿದರೆ ಎಡವಟ್ಟು ಆಗುವುದು ಒಗೆಯುವ ಕಡೆ. ಅದಕ್ಕೆ ಕಾರಣ ಎಲ್ಲರೂ ಪ್ರೀತಿಯಿಂದ ಕೊಡುವ ಆ ಒಂದು ಸಲಹೆ: "ಮಗುವಿನ ಬಟ್ಟೆ, ಸೋಪು ಕಮ್ಮಿ ಹಾಕಿ."

ಯಾಕೆ ಕಮ್ಮಿ? ನಮ್ಮೆಲ್ಲರ ಬಟ್ಟೆಗಿಂತ ಗಲೀಜಾಗುವ ಬಟ್ಟೆ ಅದು. ಅರ್ಧ ಚಮಚ ಪುಡಿಯಲ್ಲಿ ಅದು ಶುದ್ಧವಾಗುವುದಿಲ್ಲ. ದಪ್ಪ ಪದರದೊಳಗೆ ಉಚ್ಚೆ ಉಳಿದುಕೊಳ್ಳುತ್ತದೆ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ಬೆಳಿಗ್ಗೆ ಡಯಾಪರ್ ಬಿಚ್ಚಿದಾಗ ಕಣ್ಣು ಚುರ್ ಅನ್ನುತ್ತದಲ್ಲ, ಅದೇ ಇದು. ಮಗುವಿನ ಚರ್ಮ ಕೆಂಪಾಗುವುದಕ್ಕೂ ಅದು ದಾರಿ ಮಾಡುತ್ತದೆ. ಅಂಟುವಾಳದ ಕಾಯಿಯಲ್ಲೇ ಒಗೆಯಿರಿ ಅನ್ನುವವರೂ ಇದ್ದಾರೆ. ರೇಷ್ಮೆ ಸೀರೆಗೆ ಬಲು ಒಳ್ಳೆಯದು, ಒಪ್ಪಿದೆ. ರಾತ್ರಿಯಿಡೀ ನೆನೆದ ಡಯಾಪರಿಗೆ ಅದರ ಶಕ್ತಿ ಸಾಲದು.

ಇನ್ನು ನೀರು. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀವು ಹಾಕಿದ ಸೋಪಿನ ಒಂದು ಪಾಲನ್ನು ಮೊದಲೇ ತಿಂದುಬಿಡುತ್ತವೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಟ್ಯಾಂಕರಿನಲ್ಲಿ ಬೋರ್‌ವೆಲ್ ನೀರು ತರಿಸುವ ಅಪಾರ್ಟ್‌ಮೆಂಟಿಗೂ ಒಂದೇ ಅಳತೆ ನಡೆಯುವುದಿಲ್ಲ. 2024ರ ಬೇಸಿಗೆ ನೆನಪಿದೆಯಲ್ಲ? ಎಷ್ಟೋ ಮನೆಗಳು ಟ್ಯಾಂಕರಿಗೆ ಬಿದ್ದವು. ನಿಮ್ಮ ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿದ್ದರೆ, ಶವರಿನ ತೂತುಗಳು ಮುಚ್ಚಿಕೊಂಡಿದ್ದರೆ ಅದು ಗಡಸು ನೀರು. ಡಿಟರ್ಜೆಂಟ್ ಪುಡಿ ಜಾಸ್ತಿ ಬೇಕು, ಜೊತೆಗೆ ಸ್ವಲ್ಪ ವಾಷಿಂಗ್ ಸೋಡಾ. ಬಾರ್ ಸೋಪು ಉಜ್ಜಬೇಡಿ. ಗಡಸು ನೀರಿಗೆ ಅದು ಜಿಡ್ಡು ಜಿಡ್ಡಾಗಿ ನೂಲಿಗೆ ಅಂಟಿಕೊಳ್ಳುತ್ತದೆ.

ಅಂಟಿಕೊಂಡಿದೆಯಾ ಅಂತ ನೋಡುವುದು ಸುಲಭ. ಒಗೆದು ಒಣಗಿಸಿದ ಪ್ಯಾಡ್ (ನೀರು ತಡೆಯುವ ಹೊರಕವರಿನೊಳಗೆ ಇಡುವ, ಉಚ್ಚೆ ಹೀರುವ ದಪ್ಪ ಬಟ್ಟೆ) ಮೇಲೆ ಒಂದು ಹನಿ ನೀರು ಬಿಡಿ. ಸರ್ರಂತ ಇಂಗಿದರೆ ಸರಿ. ಕೆಸುವಿನೆಲೆ ಮೇಲಿನ ಹನಿಯಂತೆ ಉರುಳಾಡಿದರೆ ಏನೋ ಮೆತ್ತಿದೆ. ಸೋಪಿನ ಜಿಡ್ಡಿರಬಹುದು. ಘಮ್ಮೆನ್ನಲಿ ಅಂತ ಹಾಕುವ ಫ್ಯಾಬ್ರಿಕ್ ಕಂಡೀಷನರ್ ಇರಬಹುದು. ರ‍್ಯಾಶ್ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ಕೂಡ ಹೀಗೇ ಮಾಡುತ್ತದೆ. ಕ್ರೀಮ್ ಹಚ್ಚಲೇಬೇಕಾದ ದಿನ ಮಧ್ಯೆ ಒಂದು ತೆಳು ಹತ್ತಿ ಬಟ್ಟೆ ಇಟ್ಟುಬಿಡಿ. ಆದರೆ ಡಯಾಪರ್ ಹೊಸದಾಗಿದ್ದರೆ ಗಾಬರಿ ಬೇಡ. ಹತ್ತಿ, ಹೆಂಪ್ ನಾರಿನ ಪ್ಯಾಡುಗಳು ನಾಲ್ಕಾರು ಸಲ ಒಗೆದ ಮೇಲೇ ಸರಿಯಾಗಿ ಹೀರುವುದು.

ಪ್ರತಿ ಒಗೆತಕ್ಕೂ ಆ್ಯಂಟಿಸೆಪ್ಟಿಕ್ ಸುರಿಯುವವರಿಗೆ ಏನು ಹೇಳಲಿ? ಸಾಕಷ್ಟು ಪುಡಿ, ಬಿಸಿನೀರು, ಬಿಸಿಲು ಇದ್ದರೆ ಅದು ಬೇಕಿಲ್ಲ.

ನಮ್ಮ ಮನೆಯ ಕ್ರಮ ಹೀಗಿದೆ. ರಾತ್ರಿಯ ಡಯಾಪರನ್ನು ಎದ್ದ ಕೂಡಲೇ ತಣ್ಣೀರಲ್ಲಿ ಜಾಲಿಸುವುದು. ಕಕ್ಕ ಇದ್ದರೆ ಟಾಯ್ಲೆಟ್ಟಿನ ಜೆಟ್ಟಿನಿಂದ ಕಮೋಡಿಗೇ ಬಿಡುವುದು. (ವಿದೇಶದಲ್ಲಿ ಇದಕ್ಕೇ ಅಂತ ಬೇರೆ ಸ್ಪ್ರೇ ಮಾರುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಆಗಲೇ ಗೋಡೆಗೆ ನೇತಾಡುತ್ತಿದೆ!) ಆಮೇಲೆ ಗಾಳಿಯಾಡುವ ಬುಟ್ಟಿಗೆ. ಬಕೆಟ್ಟಲ್ಲಿ ನೆನೆಹಾಕಿ ಎರಡು ದಿನ ಮರೆತರೆ ನೀರೂ ನಾರುತ್ತದೆ, ಎಲಾಸ್ಟಿಕ್ಕೂ ಹಾಳು. ಮೆಷಿನ್ನಿನಲ್ಲಿ ಮೊದಲು ಒಂದು ಸಣ್ಣ ಒಗೆತ, ನಂತರ ಪೂರ್ತಿ ಪುಡಿ ಹಾಕಿ 60 ಡಿಗ್ರಿ ಒಳಗಿನ ಬಿಸಿನೀರಲ್ಲಿ ಉದ್ದದ ಒಗೆತ. ಹಂಡೆಯಿಂದ ಕುದಿಯುವ ನೀರು ಸುರಿಯುವ ಅಭ್ಯಾಸ ಇದ್ದರೆ ಅದನ್ನು ಬರೀ ಹತ್ತಿ ಬಟ್ಟೆಗೆ ಇಟ್ಟುಕೊಳ್ಳಿ. ನೀರು ತಡೆಯುವ ಹೊರಕವರಿಗೆ ಬಿದ್ದರೆ ಅದರ ಒಳಪದರ ಕಿತ್ತುಬರುತ್ತದೆ.

ಹಳದಿ ಕಲೆಗೆ ಬ್ಲೀಚ್ ಬೇಡ. ಒದ್ದೆ ಇರುವಾಗಲೇ ಬಿಸಿಲಿಗೆ ಹರವಿದರೆ ತಾನೇ ಮಾಸುತ್ತದೆ. ಕವರನ್ನು ಮಾತ್ರ ನೆರಳಲ್ಲಿ ಹಾಕಿ.

ಇಷ್ಟೆಲ್ಲ ಬಿಸಿಲಿನ ಮಾತು ಮಲೆನಾಡು, ಕರಾವಳಿಯವರಿಗೆ ನಗು ತರಿಸುತ್ತದೆ ಅಂತ ಗೊತ್ತು. ಜುಲೈನಲ್ಲಿ ನಾಲ್ಕು ಪದರದ ಪ್ಯಾಡ್ ಎರಡು ದಿನಕ್ಕೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಅಲ್ಲಿ ನನ್ನ ವೋಟು ಅಜ್ಜಿಯ ಪದ್ಧತಿಗೇ. ಹಳೇ ಪಂಚೆಯದೋ ಕಾಟನ್ ಸೀರೆಯದೋ ಚೌಕ ತುಂಡು. ಬಿಡಿಸಿದರೆ ಒಂದೇ ಪದರ, ಫ್ಯಾನಿನ ಕೆಳಗೂ ಒಣಗುತ್ತದೆ. ಮಡಚಿದರೆ ಏಳೆಂಟು ಪದರ. ಅದನ್ನೇ ಈಗಿನ ಕವರಿನೊಳಗೆ ಇಟ್ಟರಾಯಿತು. ದುಬಾರಿ ಬಿದಿರಿನ ಪ್ಯಾಡಿಗಿಂತ ಮಳೆಗಾಲಕ್ಕೆ ಇದು ವಾಸಿ.

ಪರಿಸರದ ಲೆಕ್ಕಕ್ಕೂ ಒಗೆಯುವ ರೀತಿಯೇ ಮುಖ್ಯ. 2008ರಲ್ಲಿ ಬ್ರಿಟನ್ನಿನ ಸರ್ಕಾರಿ ಅಧ್ಯಯನವೊಂದು ಒಂದು ಮಗುವಿನ ಎರಡೂವರೆ ವರ್ಷದ ಡಯಾಪರಿನಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಂಥ ಅನಿಲಗಳ ಲೆಕ್ಕ ಹಾಕಿತು. ಬಿಸಾಡುವಂಥದ್ದಕ್ಕೆ ಸುಮಾರು 550 ಕೆಜಿ, ಬಟ್ಟೆಯದ್ದಕ್ಕೆ ಸುಮಾರು 570! ಆದರೆ ಹಗ್ಗದ ಮೇಲೆ ಒಣಗಿಸಿ, ಮೆಷಿನ್ ತುಂಬಿಸಿ ಒಗೆದು, ಎರಡನೇ ಮಗುವಿಗೂ ಬಳಸಿದರೆ ಬಟ್ಟೆಯ ಲೆಕ್ಕದಲ್ಲಿ 200 ಕೆಜಿಯಷ್ಟು ಇಳಿಯುತ್ತದೆ ಅಂತಲೂ ಅದೇ ಹೇಳಿತು. ಹಗ್ಗ ಹೇಗೂ ನಮ್ಮ ಪ್ರತಿ ಬಾಲ್ಕನಿಯಲ್ಲೂ ಇದೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ಮನೆಕೆಲಸಕ್ಕೆ ಬರುವ ಅಕ್ಕನ ಕೈಗೆ ಕಕ್ಕದ ಡಯಾಪರ್ ಕೊಟ್ಟು ಪರಿಸರ ಉಳಿಸಿದೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆ ಜಾಲಿಸುವ ಕೆಲಸ ಅಪ್ಪ ಅಮ್ಮಂದಿರದು. ಅಪ್ಪನದು ಅಂತ ಬೇಕೆಂದೇ ಮೊದಲು ಬರೆದೆ.

ಯಾರಾದರೂ ಬಳಸಿದ್ದನ್ನು ತಗೊಳ್ಳುವವರು ಕವರನ್ನು ಬೆಳಕಿಗೆ ಹಿಡಿದು ಒಳಪದರ ಬಿರಿದಿದೆಯಾ ನೋಡಿ. ತೊಡೆಯ ಹತ್ತಿರದ ಎಲಾಸ್ಟಿಕ್ ಎಳೆದು ಬಿಡಿ. ಅದು ವಾಪಸ್ ಕುಗ್ಗದಿದ್ದರೆ ಸುಮ್ನೆ ಕೊಟ್ಟರೂ ಬೇಡ ಅನ್ನಿ. ಒಳಗಿನ ಹತ್ತಿ ಪ್ಯಾಡುಗಳನ್ನು ಮಾತ್ರ ಬಿಡಬೇಡಿ, ಇಸ್ಕೊಳ್ಳಿ.